ಸಣ್ಣ ನಾಯಿಗಳ ಕಿವಿಯ ಚರ್ಮದ ತೊಂದರೆ, ಕೂದಲು ಉದುರುವಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

"ಡಾಕ್ಟ್ರೇ, ಕಿವಿಗೆ ಏನಾದ್ರೂ ಹಚ್ಚೋಕೆ ಬರ್ಕೊಡಿ." ನಾಯಿಯನ್ನು ಮೇಜಿನ ಮೇಲೆ ಇಳಿಸುವ ಮೊದಲೇ ಈ ಮಾತು ಬಂದಿರುತ್ತದೆ. ಪಗ್, ಶಿಟ್ಜು, ಲಾಸಾ, ಡ್ಯಾಶ್‌ಹಂಡ್, ಪಾಮ್ (ಪಮೇರಿಯನ್) ಹೀಗೆ ತೊಡೆಯ ಮೇಲೆ ಕೂತು ಕ್ಲಿನಿಕ್ಕಿಗೆ ಬರುವ ನಾಯಿಗಳ ದೂರಿನಲ್ಲಿ ಕಿವಿಗೂ ಕೂದಲಿಗೂ ದೊಡ್ಡ ಪಾಲು. ತೊಂದರೆ ಏನೆಂದರೆ, ಒಂದೇ ಥರ ಬೋಳಾಗಿ ಕಾಣುವ ಎರಡು ಕಿವಿಗಳ ಹಿಂದೆ ಎರಡು ಬೇರೆ ಕಾಯಿಲೆ ಇರುತ್ತದೆ. ಒಂದಕ್ಕೆ ಮದ್ದಾದ ಮುಲಾಮು ಇನ್ನೊಂದನ್ನು ಕೆಡಿಸುತ್ತದೆ. ಹಚ್ಚುವುದು ಆಮೇಲೆ, ಮೊದಲು ನೋಡೋಣ ಅಂತ ದಿನಕ್ಕೆ ಹತ್ತು ಸಲ ಹೇಳುವ ಬದಲು, ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಯಾವ ನಾಯಿಗೆ ಯಾವ ಔಷಧಿ ಎಷ್ಟು ಅಂತ ಎಲ್ಲೂ ಬರೆದಿಲ್ಲ. ಅದು ಬೇಕೆಂದೇ ಬಿಟ್ಟದ್ದು.

ಕಿವಿಯ ಕೂದಲು ಉದುರುತ್ತಿದೆ. ಮನೆಯಲ್ಲಿ ಮೊದಲು ಏನು ನೋಡಬೇಕು?

ತುರಿಕೆ ಇದೆಯಾ ಇಲ್ಲವಾ, ಅದನ್ನು. ಕಾಲಲ್ಲಿ ಕೆರೆದುಕೊಂಡರೆ ಮಾತ್ರ ತುರಿಕೆ ಅಂತ ಅಂದುಕೊಳ್ಳಬೇಡಿ. ಸೋಫಾದ ಅಂಚಿಗೆ ಕಿವಿ ಉಜ್ಜುವುದು, ಪಟಪಟ ತಲೆ ಕೊಡವುವುದು, ಕಾಲುಒರಸಿನ ಮೇಲೆ ಮುಖ ಎಳೆಯುವುದು, ಪಾದ ನೆಕ್ಕುವುದು ಎಲ್ಲ ತುರಿಕೆಯೇ. "ಇಲ್ಲ ಡಾಕ್ಟ್ರೇ, ನೆಕ್ಕಲ್ಲ" ಅನ್ನುವವರ ಬಿಳಿ ಲಾಸಾದ ಪಾದ ಎತ್ತಿ ನೋಡಿದರೆ ಬೆರಳುಗಳ ನಡುವಿನ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಅದು ಜೊಲ್ಲಿನ ಕಲೆ. ನೀವು ಮಲಗಿದ ಮೇಲೆ ನೆಕ್ಕುತ್ತದೆ, ಅಷ್ಟೆ.

ಎರಡನೆಯದು, ತುರಿಕೆ ಮೊದಲು ಬಂತೋ ಕೂದಲು ಮೊದಲು ಹೋಯಿತೋ. ತುರಿಕೆ ಮೊದಲು ಬಂದು, ಕೆರೆದೂ ಕೆರೆದೂ ಕೂದಲು ಹೋಗಿದ್ದರೆ ಹುಳ, ಅಲರ್ಜಿ, ಸೋಂಕು ಈ ಮೂರರ ಕಡೆ ನಮ್ಮ ಗಮನ ಹೋಗುತ್ತದೆ. ತುರಿಕೆಯೇ ಇಲ್ಲದೆ ಸದ್ದಿಲ್ಲದೆ ಕೂದಲು ತೆಳುವಾಗಿದ್ದರೆ ತಳಿಯ ಗುಣ, ಹಾರ್ಮೋನು, ಚರ್ಮದ ಸಣ್ಣ ರಕ್ತನಾಳದ ತೊಂದರೆ. ಈ ಒಂದು ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಮೂರನೆಯದಕ್ಕೆ ಫೋನಿನ ಟಾರ್ಚ್ ಸಾಕು. ಕಿವಿಯ ಹಾಲೆಯ ಹಿಂದೆ ಬೆಳಕು ಹಿಡಿಯಿರಿ. ಸಣ್ಣ ನಾಯಿಯ ಕಿವಿ ಎಲೆಯಷ್ಟು ತೆಳು, ರಕ್ತನಾಳಗಳು ಕಾಣುತ್ತವೆ. ಅಂಚಿನಲ್ಲಿ ಒಣ ಹಕ್ಕಳೆ ಇದೆಯಾ, ಚರ್ಮ ಕೆಂಪಾ ಕಪ್ಪಾ, ಆನೆ ಚರ್ಮದ ಹಾಗೆ ದಪ್ಪಗಾಗಿದೆಯಾ, ಕೂದಲು ಬುಡದಿಂದ ಹೋಗಿದೆಯೋ ನಡುವೆ ಮುರಿದಿದೆಯೋ ನೋಡಿ. ಎರಡೂ ಕಿವಿಯ ಫೋಟೋ ತೆಗೆದಿಡಿ. ಮೂರು ವಾರ ಕಳೆದ ಮೇಲೆ "ಮೊದಲಿಗಿಂತ ಜಾಸ್ತಿ ಆಗಿದೆಯಾ" ಅಂತ ನಾವು ಕೇಳಿದಾಗ ಮನೆಯ ನಾಲ್ಕು ಜನ ನಾಲ್ಕು ಉತ್ತರ ಕೊಡುತ್ತಾರೆ. ಫೋಟೋ ಒಂದೇ ಉತ್ತರ ಕೊಡುತ್ತದೆ.

ಕಿವಿಯ ಅಂಚು ಮುಟ್ಟಿದರೆ ಸಾಕು, ಹಿಂಗಾಲು ತಾನಾಗೇ ಆಡುತ್ತದೆ. ಮುದ್ದಿಗಾ?

ಮುದ್ದಿಗಿರಲಿಕ್ಕಿಲ್ಲ. ಕಿವಿಯ ತುದಿಯನ್ನು ಮಡಚಿ, ಅಂಚಿಗೆ ಅಂಚು ತಾಗುವ ಹಾಗೆ ನಾಲ್ಕೈದು ಸೆಕೆಂಡ್ ಉಜ್ಜಿದಾಗ ಅದೇ ಬದಿಯ ಹಿಂಗಾಲು ಗಾಳಿಯಲ್ಲಿ ಕೆರೆಯಲು ಶುರುವಾದರೆ ನಾವು ಮೊದಲು ಅನುಮಾನಿಸುವುದು ಸಾರ್ಕಾಪ್ಟಿಸ್ ಎಂಬ ಕಜ್ಜಿಹುಳವನ್ನು. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಹಿಮ್ಮಡಿಯ ಗಂಟು ಇವು ಅದಕ್ಕೆ ಇಷ್ಟವಾದ ಜಾಗ. ಕೂದಲು ಕಮ್ಮಿ ಇರುವಲ್ಲಿ ಚರ್ಮ ಕೊರೆದು ಒಳಗೆ ಸೇರಿ ಮೊಟ್ಟೆ ಇಡುತ್ತದೆ. ಆ ತುರಿಕೆ ಎಂಥದ್ದು ಅಂದರೆ ನಾಯಿ ತಟ್ಟೆಯ ಮುಂದೆ ಕೂತು ಎರಡು ತುತ್ತಿಗೊಮ್ಮೆ ಊಟ ಬಿಟ್ಟು ಕೆರೆದುಕೊಳ್ಳುತ್ತದೆ. ರಾತ್ರಿ ಮನೆಯವರಿಗೂ ನಿದ್ದೆ ಇಲ್ಲ.

ಪತ್ತೆ ಮಾಡಲು ಮೊಂಡು ಬ್ಲೇಡಿನಿಂದ ಚರ್ಮ ಕೆರೆದು, ಒಂದು ಹನಿ ಲಿಕ್ವಿಡ್ ಪ್ಯಾರಫಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು: ಕಜ್ಜಿಹುಳ ಇದ್ದೂ ಗಾಜಿನ ಮೇಲೆ ಸಿಗದೇ ಹೋಗುವುದು ತುಂಬಾ ಸಾಮಾನ್ಯ. ನಾಯಿಯ ಮೈಮೇಲೆ ಹತ್ತಿಪ್ಪತ್ತೇ ಹುಳ ಇದ್ದರೂ ತುರಿಕೆ ತಡೆಯಲಾರದಷ್ಟು ಇರುತ್ತದೆ. ಹಾಗಾಗಿ "ರಿಪೋರ್ಟ್ ನೆಗೆಟಿವ್, ಆದರೂ ಡಾಕ್ಟರು ಕಜ್ಜಿಗೇ ಔಷಧಿ ಕೊಟ್ಟರು" ಅಂತ ಬೇಜಾರಾಗಬೇಡಿ. ಔಷಧಿ ಕೊಟ್ಟು ಕಡಿಮೆಯಾಗುತ್ತದಾ ನೋಡುವುದೂ ಒಂದು ಪರೀಕ್ಷೆಯೇ. ಮನೆಯಲ್ಲಿ ಬೇರೆ ನಾಯಿ ಇದ್ದರೆ, ಅದು ಕೆರೆಯದಿದ್ದರೂ, ಅದಕ್ಕೂ ಚಿಕಿತ್ಸೆ ಬೇಕು. ಒಂದಕ್ಕೆ ಕೊಟ್ಟು ಇನ್ನೊಂದನ್ನು ಬಿಟ್ಟರೆ ತಿಂಗಳೊಳಗೆ ಮತ್ತೆ ನಮ್ಮ ಬಾಗಿಲಿಗೆ ಬರುತ್ತೀರಿ.

ನಮಗೆ, ಮಕ್ಕಳಿಗೆ ಅಂಟುತ್ತದಾ?

ಕಜ್ಜಿಹುಳ ಮನುಷ್ಯರ ಕೈ, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎಬ್ಬಿಸುತ್ತದೆ. ಆದರೆ ನಮ್ಮ ಮೈಮೇಲೆ ಅದು ಸಂಸಾರ ಹೂಡುವುದಿಲ್ಲ, ನಾಯಿಗೆ ಗುಣವಾದರೆ ಇದೂ ಅಡಗುತ್ತದೆ. ಹುಳುಕಡ್ಡಿ ನಿಜಕ್ಕೂ ಅಂಟುತ್ತದೆ, ಅದರಲ್ಲೂ ಮಕ್ಕಳಿಗೆ. ಹೆಸರಲ್ಲಿ ಹುಳ ಇದ್ದರೂ ಅದು ಹುಳವಲ್ಲ, ಶಿಲೀಂಧ್ರ. ಅಲರ್ಜಿ, ಥೈರಾಯ್ಡ್, ತಳಿಯ ಬೋಳು, ಕೂದಲ ಬುಡದಲ್ಲಿ ವಾಸಿಸುವ ಡೆಮೊಡೆಕ್ಸ್ ಎಂಬ ಹುಳ ಇವು ಅಂಟುವುದಿಲ್ಲ. ನಾಯಿ ಕೆರೆಯುತ್ತಿರುವ ಮನೆಯಲ್ಲಿ ಯಾರಿಗಾದರೂ ತುರಿಕೆ ಶುರುವಾಗಿದ್ದರೆ ಸಂಕೋಚ ಬಿಟ್ಟು ಹೇಳಿ. ಎಷ್ಟೋ ಸಲ ನಮಗೆ ರೋಗದ ಸುಳಿವು ಸಿಗುವುದು ಯಜಮಾನರ ಮುಂಗೈಯ ಮೇಲೆ.

ನಮ್ಮ ಡ್ಯಾಶ್‌ಹಂಡ್ ಕಿವಿ ಪೂರ್ತಿ ಬೋಳು. ಕೆರೆಯುವುದೇ ಇಲ್ಲ. ಏನು ಕೊಡಬೇಕು?

ಬಹುಶಃ ಏನೂ ಬೇಡ. ಈ ತಳಿಯಲ್ಲಿ, ಗಂಡಸರ ತಲೆ ಬೋಳಾಗುವ ಹಾಗೆ, ಕಿವಿ ಬೋಳಾಗುವುದಿದೆ. ಒಂದು ವರ್ಷ ತುಂಬುವ ಮೊದಲೇ ಕೂದಲು ತೆಳುವಾಗಲು ಶುರುವಾಗಿ, ನಿಧಾನಕ್ಕೆ ಮುಂದುವರಿದು, ಎಂಟೊಂಬತ್ತು ವರ್ಷಕ್ಕೆ ಕಿವಿಯ ಹೊರಮೈ ಚರ್ಮದ ಚೀಲದಂತೆ ನುಣ್ಣಗೆ, ಕಪ್ಪಗೆ ಆಗುತ್ತದೆ. ನೋವಿಲ್ಲ, ನವೆ ಇಲ್ಲ, ನಾಯಿಗೆ ಅದರ ಪರಿವೆಯೂ ಇಲ್ಲ. ಕೆಲವರು ಮೆಲಟೋನಿನ್ ಎಂಬ ಹಾರ್ಮೋನು ಕೊಟ್ಟು ನೋಡುತ್ತಾರೆ. ಕೆಲವು ನಾಯಿಗಳಲ್ಲಿ ಒಂದಿಷ್ಟು ಕೂದಲು ಬರುತ್ತದೆ, ಕೆಲವಲ್ಲಿ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ ಆ ದುಡ್ಡಿಗೆ ಒಳ್ಳೆಯ ಹಾಸಿಗೆ ತೆಗೆದುಕೊಡಿ.

ಆದರೆ ಅದೇ ಡ್ಯಾಶ್‌ಹಂಡ್ ಕಿವಿಯ ಅಂಚಿನಲ್ಲಿ ಎಣ್ಣೆ ಜಿಡ್ಡಿನ ಹೊಟ್ಟು ಕೂದಲಿನ ಬುಡಕ್ಕೆ ಅಂಟಿಕೊಂಡಿದ್ದರೆ ಕಥೆ ಬೇರೆ. ಉಗುರಲ್ಲಿ ಎಳೆದರೆ ಹೊಟ್ಟಿನ ಜೊತೆ ಕೂದಲ ಗುಚ್ಛವೇ ಕೈಗೆ ಬರುತ್ತದೆ. ಇದು ಅಂಚಿನ ಚರ್ಮದ ಕಾಯಿಲೆ. ಶಾಂಪೂ, ಮೆದುಗೊಳಿಸುವ ಮುಲಾಮು ಇದ್ದರೆ ಹಿಡಿತದಲ್ಲಿರುತ್ತದೆ, ಪೂರ್ತಿ ಹೋಗುವುದು ಕಷ್ಟ. ಎಳೆದು ಕೀಳುವುದು ಮಾತ್ರ ಬೇಡ, ಅಂಚು ಸೀಳುತ್ತದೆ. ಒಮ್ಮೆ ಸೀಳಿದ ಕಿವಿ ಪ್ರತಿ ಸಲ ತಲೆ ಕೊಡವಿದಾಗಲೂ ಮತ್ತೆ ಸೀಳಿ ಗೋಡೆಗೆಲ್ಲ ರಕ್ತ ಚಿಮ್ಮಿಸುತ್ತದೆ.

ಮೂರನೆಯದು ಅಪರೂಪ, ಆದರೆ ಕಾಯಬಾರದ್ದು: ಕಿವಿಯ ತುದಿ ಒಣಗಿ ಕಪ್ಪಾಗಿ, ತುಂಡು ಕಚ್ಚಿ ತೆಗೆದ ಹಾಗೆ ಕೊರೆದುಕೊಂಡು ಹೋಗುವುದು. ಅಲ್ಲಿ ರಕ್ತನಾಳವೇ ಉರಿಯೂತದಿಂದ ಮುಚ್ಚಿಹೋಗಿರುತ್ತದೆ. ಮೇಲಿಂದ ಎಷ್ಟು ಹಚ್ಚಿದರೂ ಪ್ರಯೋಜನವಿಲ್ಲ, ಹೊಟ್ಟೆಗೆ ಔಷಧಿ ಬೇಕು.

ಕಿವಿಯೊಳಗೆ ಕಪ್ಪು ಗುಗ್ಗೆ, ಕೆಟ್ಟ ವಾಸನೆ. ಇದೂ ಚರ್ಮದ ಕಾಯಿಲೆಯಾ?

ಹೌದು. ಕಿವಿಯ ನಾಳ ಅಂದರೆ ಚರ್ಮವೇ ಒಳಕ್ಕೆ ಕೊಳವೆಯಾಗಿ ಹೋದದ್ದು. ಮೈಚರ್ಮಕ್ಕೆ ಬರುವುದೆಲ್ಲ ಅಲ್ಲಿಗೂ ಬರುತ್ತದೆ.

ಒಣಗಿದ ಕಾಫಿ ಗಸಿಯ ಹಾಗೆ ಪುಡಿಪುಡಿ, ಕಡು ಕಂದು, ಎರಡೂ ಕಿವಿಯಲ್ಲಿ, ಹೊಸದಾಗಿ ತಂದ ಮರಿ ಅಥವಾ ಬೆಕ್ಕಿನ ಜೊತೆ ಮಲಗುವ ನಾಯಿ ಆಗಿದ್ದರೆ ಅದು ಒಟೊಡೆಕ್ಟಿಸ್ ಎಂಬ ಕಿವಿಹುಳ ಇರಬಹುದು. ಜಿಡ್ಡುಜಿಡ್ಡಾಗಿ ಕಂದು ಬಣ್ಣ, ಹುಳಿ ಬಂದ ದೋಸೆ ಹಿಟ್ಟಿನಂಥ ವಾಸನೆ ಇದ್ದರೆ ಮಲಸೀಜಿಯ ಎಂಬ ಯೀಸ್ಟ್. ಹಳದಿ ಅಥವಾ ಹಸಿರು ಕೀವು, ಮುಟ್ಟಿದರೆ ಕಿರುಚುವಷ್ಟು ನೋವು ಇದ್ದರೆ ಬ್ಯಾಕ್ಟೀರಿಯ. ಬಣ್ಣ ನೋಡಿ ಹೇಳುವುದು ಇಷ್ಟೇ, ಖಾತ್ರಿಗೆ ಒಂದು ಚೂರು ಗುಗ್ಗೆಯನ್ನು ಗಾಜಿಗೆ ಬಳಿದು, ಬಣ್ಣ ಹಾಕಿ ನೋಡಲೇಬೇಕು. ಐದು ನಿಮಿಷದ ಕೆಲಸ. ಇದನ್ನು ಮಾಡದೆ ಮೂರು ಔಷಧಿ ಬೆರೆತ ಹನಿ ಬರೆದುಕೊಡುವುದು ಸುಲಭ. ನಾನೂ ಶುರುವಿನ ವರ್ಷಗಳಲ್ಲಿ ಹಾಗೇ ಬರೆದಿದ್ದೇನೆ.

ಯೀಸ್ಟ್ ಬಗ್ಗೆ ಇನ್ನೊಂದು ಮಾತು. ಅದು ಹೊರಗಿಂದ ಬಂದ ಕಳ್ಳನಲ್ಲ, ಆರೋಗ್ಯವಂತ ನಾಯಿಯ ಕಿವಿಯಲ್ಲೂ ಸ್ವಲ್ಪ ಇರುತ್ತದೆ. ಒಳಗೆ ಬಿಸಿ, ತೇವ ಜಾಸ್ತಿಯಾದಾಗ ಲೆಕ್ಕ ಮೀರಿ ಬೆಳೆಯುತ್ತದೆ. ಹನಿ ಹಾಕಿದಾಗ ಹೋಗಿ, ಬಿಟ್ಟ ಎರಡು ವಾರಕ್ಕೆ ಮತ್ತೆ ಬಂದರೆ "ಔಷಧಿ ಹಿಡಿಯಲಿಲ್ಲ" ಅಂತಲ್ಲ. ಹಿಂದೆ ಏನೋ ಕೂತಿದೆ ಅಂತ. ಪಗ್, ಶಿಟ್ಜು, ಲಾಸಾಗಳಲ್ಲಿ ಹಾಗೆ ಕೂತಿರುವುದು ಹೆಚ್ಚಾಗಿ ಅಲರ್ಜಿ. ಅದು ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ತಲೆ ಎತ್ತುತ್ತದೆ. ಕೆಲವು ನಾಯಿಗಳಲ್ಲಿ ಕಿವಿಯೇ ಅಲರ್ಜಿಯ ಮೊದಲ ಮತ್ತು ಒಂದೇ ಲಕ್ಷಣ.

ಕಿವಿ ತೊಳೆಯುವುದು ಹೇಗೆ?

ನಾಯಿಯ ಕಿವಿನಾಳ ನಮ್ಮದರ ಹಾಗೆ ನೇರ ಇಲ್ಲ. ಮೊದಲು ಕೆಳಕ್ಕೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ, ಬಚ್ಚಲಿನ ಬಾಗಿದ ಪೈಪಿನ ಹಾಗೆ. ಇದು ತಲೆಯಲ್ಲಿದ್ದರೆ ಉಳಿದದ್ದು ಸುಲಭ.

ನಾಯಿಗೆಂದೇ ಮಾಡಿದ ಕಿವಿ ಶುದ್ಧಿಯ ದ್ರಾವಣವನ್ನು ಬಾಟಲಿ ಸಮೇತ ಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ಇಡಿ. ತಣ್ಣನೆಯದು ಕಿವಿಗೆ ಬಿದ್ದರೆ ನಾಯಿ ಮುಂದಿನ ಸಲ ಬಾಟಲಿ ಕಂಡೇ ಮಂಚದ ಕೆಳಗೆ ಸೇರುತ್ತದೆ. ಕಿವಿಯ ಹಾಲೆಯನ್ನು ಮೇಲಕ್ಕೆ ಎತ್ತಿ ಹಿಡಿದು ನಾಳ ತುಂಬುವಷ್ಟು ಹಾಕಿ. ಬಾಟಲಿಯ ತುದಿ ಚರ್ಮಕ್ಕೆ ತಾಗಬಾರದು. ಕಿವಿಯ ಬುಡದಲ್ಲಿ ಕೈಗೆ ಸಿಗುವ ಗಟ್ಟಿ ಕೊಳವೆಯನ್ನು ಅರ್ಧ ನಿಮಿಷ ಮೆಲ್ಲಗೆ ಒತ್ತಿ. ಪಚಪಚ ಸದ್ದು ಬಂದರೆ ಸರಿಯಾಗಿ ಮಾಡುತ್ತಿದ್ದೀರಿ. ಆಮೇಲೆ ಕೈ ಬಿಡಿ, ಒಂದು ಹೆಜ್ಜೆ ಹಿಂದೆ ಸರಿಯಿರಿ, ಅದು ತಲೆ ಕೊಡವಿಕೊಳ್ಳಲಿ. ಒಳಗಿನ ಕೊಳೆಯನ್ನು ಮೇಲೆ ತರುವುದು ಆ ಕೊಡವುವಿಕೆಯೇ. ಕಣ್ಣಿಗೆ ಕಾಣುವ, ಬೆರಳಿಗೆ ಸುತ್ತಿದ ಹತ್ತಿಗೆ ಸಿಗುವಷ್ಟನ್ನು ಮಾತ್ರ ಒರೆಸಿ. ಔಷಧಿಯ ಹನಿ ಇದ್ದರೆ ಹತ್ತು ಹದಿನೈದು ನಿಮಿಷ ಬಿಟ್ಟು, ಒಳಗೆ ಒಣಗಿದ ಮೇಲೆ.

ಕಿವಿ ಚೆನ್ನಾಗಿದ್ದರೆ ತೊಳೆಯುವ ಅಗತ್ಯವೇ ಇಲ್ಲ, ವಾರಕ್ಕೊಮ್ಮೆ ಎತ್ತಿ ನೋಡಿ ಮೂಸಿದರೆ ಸಾಕು. ಕಿವಿ ತುಂಬಾ ನೋಯುತ್ತಿದ್ದರೆ, ತಲೆ ಒಂದು ಪಕ್ಕಕ್ಕೆ ವಾಲಿದ್ದರೆ ತೊಳೆಯಲೇಬೇಡಿ. ಕಿವಿ ತಮಟೆ ಹರಿದಿದ್ದರೆ ಕೆಲವು ದ್ರಾವಣ, ಕೆಲವು ಆಂಟಿಬಯಾಟಿಕ್ ಹನಿಗಳು ಒಳಗಿವಿಗೆ ಇಳಿದು ಕಿವುಡು ಮಾಡಬಲ್ಲವು. ಮೊದಲು ಒಳಗೆ ಇಣುಕಿ ನೋಡಿಸಿ.

ಇಯರ್ ಬಡ್ಸ್ ಹಾಕಬಹುದಾ?

ಬೇಡ. ಬಾಗಿದ ಪೈಪು ನೆನಪಿದೆಯಲ್ಲ, ಬಡ್ಸ್ ಗುಗ್ಗೆಯನ್ನು ಆ ತಿರುವಿಗೆ ತಳ್ಳಿ ಗಟ್ಟಿ ಮಾಡುತ್ತದೆ.

ಕಿವಿಯೊಳಗಿನ ಕೂದಲನ್ನು ಕೀಳಿಸಬೇಕು ಅಂತ ಗ್ರೂಮಿಂಗ್‌ನವರು ಹೇಳುತ್ತಾರೆ.

ಕಿವಿ ಆರೋಗ್ಯವಾಗಿದ್ದರೆ ಬೇಡ. ಕಿತ್ತ ಪ್ರತಿ ರಂಧ್ರವೂ ಒಂದು ಸಣ್ಣ ಗಾಯ. ಪದೇ ಪದೇ ಸೋಂಕಾಗುವ, ಕೂದಲಿನಿಂದಾಗಿ ಔಷಧಿ ಒಳಗೇ ಇಳಿಯದ ಪೂಡಲ್, ಶಿಟ್ಜು ಕಿವಿಯಾದರೆ ನಿಮ್ಮ ಡಾಕ್ಟರು ನೋಡಿ ಹೇಳುತ್ತಾರೆ.

ಕೊಬ್ಬರಿ ಎಣ್ಣೆ, ಅರಿಶಿಣ, ಬೇವಿನ ಎಣ್ಣೆ ಹಚ್ಚಿದರೆ?

ಒಣಗಿ ಹೊಟ್ಟೆದ್ದ ಕಿವಿಯ ಹೊರಮೈಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ನಾನು ಬೈಯುವುದಿಲ್ಲ. ನೆಕ್ಕಿದರೂ ಅಪಾಯವಿಲ್ಲ. ಕಿವಿಯ ನಾಳದೊಳಗೆ ಎಣ್ಣೆ ಹನಿಸುವುದು ಬೇಡವೇ ಬೇಡ. ಅಲ್ಲಿ ಮೊದಲೇ ಜಿಡ್ಡಿದೆ, ಜಿಡ್ಡೇ ಯೀಸ್ಟಿಗೆ ಊಟ. ಅರಿಶಿಣದಿಂದ ಆಗುವ ದೊಡ್ಡ ತೊಂದರೆ ಬಣ್ಣ. ಕೆಂಪೆಷ್ಟು, ಹಕ್ಕಳೆಯೆಷ್ಟು ಅಂತ ನಮಗೆ ಕಾಣದಂತಾಗುತ್ತದೆ. ಬೇವಿನ ಎಣ್ಣೆ ಕಹಿ, ಘಾಟು. ಕೆರೆದು ಹಸಿಯಾದ ಚರ್ಮಕ್ಕೆ ಉರಿಯುತ್ತದೆ. ಟೀ ಟ್ರೀ ಆಯಿಲ್ "ನ್ಯಾಚುರಲ್" ಅಂತ ಮಾರುತ್ತಾರಲ್ಲ, ಅದು ನಾಯಿಗೆ ವಿಷ. ಮೂರು ಕೆಜಿ ನಾಯಿಗೆ ಕೆಲವೇ ಹನಿ ನೇರವಾಗಿ ಹಚ್ಚಿದರೆ ನಡುಕ, ತೂರಾಟ ಶುರುವಾಗಬಹುದು.

ಇನ್ನು ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್, ಟರ್ಪೆಂಟೈನ್. ಹಳ್ಳಿ ಕಡೆ ಕಜ್ಜಿ ನಾಯಿಗೆ, ಹುಳು ಬಿದ್ದ ಗಾಯಕ್ಕೆ ಇವನ್ನು ಸುರಿಯುವ ರೂಢಿ ಇನ್ನೂ ಹೋಗಿಲ್ಲ. ಚರ್ಮ ಸುಡುತ್ತದೆ, ನೆಕ್ಕಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ದೊಡ್ಡ ನಾಯಿ ಹೇಗೋ ತಡೆದುಕೊಂಡು ಬದುಕಿದ್ದನ್ನು ಕಂಡವರು ಸಣ್ಣ ನಾಯಿಗೂ ಮಾಡುತ್ತಾರೆ. ಅಂಗೈಯಷ್ಟು ಮೈಯ ನಾಯಿಗೆ ಅದು ತುಂಬಾ ಹೆಚ್ಚು.

ಮೆಡಿಕಲ್ ಶಾಪಿನ ಮನುಷ್ಯರ ಕ್ರೀಮ್ ಹಚ್ಚಿದೆವು. ಎರಡು ದಿನ ಚೆನ್ನಾಗಿತ್ತು, ಆಮೇಲೆ ಜಾಸ್ತಿಯಾಯಿತು.

ಆ ಟ್ಯೂಬಿನ ಹಿಂಬದಿ ಓದಿ. ಬೀಟಾಮೆಥಸೋನ್ ಅಥವಾ ಕ್ಲೋಬೆಟಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಕೆಂಪು, ತುರಿಕೆ ತಕ್ಷಣ ಇಳಿಯುತ್ತದೆ, ಅದಕ್ಕೇ "ಚೆನ್ನಾಗಿತ್ತು". ಅದರಡಿಯಲ್ಲಿ ಹುಳುಕಡ್ಡಿ ಇದ್ದರೆ ಆರಾಮಾಗಿ ಹರಡುತ್ತದೆ. ಡೆಮೊಡೆಕ್ಸ್ ಇದ್ದರೆ ಸೊಕ್ಕುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಕಿವಿಯ ತೆಳು ಚರ್ಮ ಇನ್ನೂ ತೆಳುವಾಗಿ ಉಳಿದ ಕೂದಲೂ ಹೋಗುತ್ತದೆ, ಅಂದರೆ ಯಾವುದಕ್ಕೆ ಹಚ್ಚಿದಿರೋ ಅದನ್ನೇ ಕ್ರೀಮು ಮಾಡಿಕೊಡುತ್ತದೆ. ಸತುವಿನ ಬಿಳಿ ಕ್ರೀಮುಗಳನ್ನು ನೆಕ್ಕಿದರೆ ವಾಂತಿ, ಹೆಚ್ಚಾದರೆ ರಕ್ತಹೀನತೆ. ಸ್ಟೀರಾಯ್ಡ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನಾವೂ ಬರೆಯುತ್ತೇವೆ, ಅಲರ್ಜಿಯ ಕಿವಿ ಊದಿ ಮುಚ್ಚಿಹೋದಾಗ ಅದಿಲ್ಲದೆ ಆಗುವುದಿಲ್ಲ. ಯಾವುದಕ್ಕೆ, ಎಷ್ಟು ದಿನ ಅಂತ ಗೊತ್ತಿರಬೇಕು. ಮಾತ್ರೆಯಾದರೆ ಇದ್ದಕ್ಕಿದ್ದಂತೆ ನಿಲ್ಲಿಸಬಾರದು.

ದನದ ಡಾಕ್ಟರು ಹಾಕುವ ಐವರ್ಮೆಕ್ಟಿನ್ ಇಂಜೆಕ್ಷನ್ ಕಜ್ಜಿಗೆ ಒಳ್ಳೆಯದು ಅಂತಾರಲ್ಲ?

ನಾನೂ ದನದ ಡಾಕ್ಟರೇ, ನಾಯಿ ನೋಡುವುದು ಆಮೇಲೆ ಶುರುವಾದದ್ದು. ಲೆಕ್ಕ ನೋಡಿ: 1% ಇಂಜೆಕ್ಷನ್‌ನಲ್ಲಿ ಒಂದು ಎಂಎಲ್‌ಗೆ 10 ಮಿಲಿಗ್ರಾಂ ಔಷಧಿ. ದನಕ್ಕೆ 50 ಕೆಜಿ ತೂಕಕ್ಕೆ ಒಂದು ಎಂಎಲ್. ಅದೇ ಲೆಕ್ಕ ಹಿಡಿದರೆ 3 ಕೆಜಿಯ ಚಿವಾವಾ ಪಾಲಿಗೆ ಬರುವುದು ಸರಿಸುಮಾರು ಒಂದೇ ಹನಿ. ಸಿರಿಂಜಿನಲ್ಲಿ ಕೈ ಒಂದು ಗೆರೆ ಜಾರಿದರೆ ಎರಡು ಪಟ್ಟು. ಕಣ್ಣಪಾಪೆ ಅಗಲವಾಗಿ, ತೂರಾಡಿ, ಕಣ್ಣು ಕಾಣದಂತಾಗಿ ಬರುವ ನಾಯಿಗಳು ಇಂಥವೇ. ಕೋಲಿ ಎಂಬ ಕುರಿ ಕಾಯುವ ತಳಿಯ ರಕ್ತ ಇರುವ ನಾಯಿಗಳಿಗಂತೂ ವಂಶದಿಂದಲೇ ಬಂದ ದೋಷದಿಂದ ಈ ಔಷಧಿ ನೇರ ಮಿದುಳಿಗೆ ಹೋಗುತ್ತದೆ.

ನೀರಿಗೆ ಬೆರೆಸಿ ಮೈಗೆ ಹಚ್ಚುವ ಅಮಿಟ್ರಾಜ್ ಇನ್ನೊಂದು ಹಳೆಯ ಮದ್ದು. ಚಿವಾವಾಗಳಿಗೆ ಅದು ಕೂಡದು. ಬೇರೆ ಪುಟ್ಟ ನಾಯಿಗಳೂ ಮಂಕಾಗಿ, ಮೈ ತಣ್ಣಗಾಗಿ, ಎದೆಬಡಿತ ನಿಧಾನವಾಗಬಹುದು.

ಈಗ ಫ್ಲೂರಾಲನರ್, ಅಫಾಕ್ಸಾಲನರ್, ಸಾರೊಲನರ್ ಎಂಬ ಮಾತ್ರೆಗಳಿವೆ. ಉಣ್ಣೆ, ಚಿಗಟಕ್ಕೆಂದು ಬಂದವು, ಕಜ್ಜಿಹುಳ ಮತ್ತು ಡೆಮೊಡೆಕ್ಸ್ ಎರಡಕ್ಕೂ ಚೆನ್ನಾಗಿ ಕೆಲಸ ಮಾಡುತ್ತವೆ. ತೂಕದ ಪ್ರಕಾರ ಬೇರೆ ಬೇರೆ ಪೊಟ್ಟಣದಲ್ಲಿ ಬರುತ್ತವೆ. ದೊಡ್ಡ ನಾಯಿಯದನ್ನು ತಂದು ಚಾಕುವಿನಲ್ಲಿ ನಾಲ್ಕು ಮಾಡುವ ಉಳಿತಾಯ ಬೇಡ. ಫಿಟ್ಸ್ ಬಂದಿದ್ದ ನಾಯಿಯಾದರೆ ಮೊದಲೇ ಹೇಳಿ. ಈ ಗುಂಪಿನ ಔಷಧಿಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಮರಿಗೆ ಕಣ್ಣಿನ ಸುತ್ತ, ಬಾಯಿಯ ಹತ್ತಿರ ದುಂಡಗೆ ಕೂದಲು ಹೋಗಿದೆ.

ಒಂದು ವರ್ಷದೊಳಗಿನ ಮರಿ, ತುರಿಕೆ ಅಷ್ಟಾಗಿ ಇಲ್ಲ, ಒಂದೆರಡು ಬಿಲ್ಲೆ ಮಾತ್ರ ಅಂದರೆ ಡೆಮೊಡೆಕ್ಸ್ ಇರಬಹುದು. ಹುಟ್ಟಿದ ಎರಡು ಮೂರು ದಿನದಲ್ಲಿ ತಾಯಿಯಿಂದಲೇ ಬರುವ, ಕೂದಲ ಬುಡದಲ್ಲಿ ವಾಸಿಸುವ ಹುಳ. ಮರಿಯ ರೋಗನಿರೋಧಕ ಶಕ್ತಿ ಬಲಿಯುತ್ತಿದ್ದ ಹಾಗೆ ಹೆಚ್ಚಿನವು ತಾನಾಗೇ ಹೋಗುತ್ತವೆ. ಹುಳುಕಡ್ಡಿಯೂ ಹೀಗೇ ಕಾಣುತ್ತದೆ, ಆದ್ದರಿಂದ ಕೆರೆದು ನೋಡದೆ ಹೇಳಲಾಗದು. ಬಿಲ್ಲೆಗಳು ಹೆಚ್ಚಾಗಿ ಪಾದಕ್ಕೂ ಇಳಿದರೆ ಚಿಕಿತ್ಸೆ ಬೇಕು. ದೊಡ್ಡ ವಯಸ್ಸಿನ ನಾಯಿಗೆ ಇದು ಹೊಸದಾಗಿ ಬಂದರೆ ಒಳಗೆ ಬೇರೆ ಕಾಯಿಲೆ ಹುಡುಕಬೇಕು.

ನಮ್ಮ ಪಾಮ್‌ಗೆ ಬೆನ್ನು, ತೊಡೆಯ ಕೂದಲೆಲ್ಲ ಹೋಗಿ ಚರ್ಮ ಕಪ್ಪಾಗಿದೆ. ಬೇಸಿಗೆ ಅಂತ ಬೋಳಿಸಿದ್ದೆವು.

ಮೊದಲು ಒಂದು ತಕರಾರು. ನಮ್ಮ ಕಡೆ ಬಿಳಿ, ಚೂಪುಮೂತಿ, ತುಪ್ಪಟದ ನಾಯಿಗೆಲ್ಲ "ಪಮೇರಿಯನ್" ಅನ್ನುತ್ತಾರೆ. ಬಹುಪಾಲು ಅವು ಇಂಡಿಯನ್ ಸ್ಪಿಟ್ಜ್. ನಿಜವಾದ ಪಮೇರಿಯನ್ ಎರಡು ಮೂರು ಕೆಜಿಯ ಗೊಂಬೆ.

ಈ ಜಾತಿಯ ನಾಯಿಗಳಿಗೆ ಎರಡು ಪದರದ ಕೂದಲು. ಒಳಗಿನ ಮೆತ್ತನೆಯ ಪದರ ಬಿಸಿಲನ್ನೂ ತಡೆಯುತ್ತದೆ. ಸೆಕೆ ಅಂತ ಏಪ್ರಿಲ್‌ನಲ್ಲಿ ಚರ್ಮಕ್ಕೆ ತಾಗುವ ಹಾಗೆ ಬೋಳಿಸಿದರೆ ಕೂದಲ ಬುಡ ನಿದ್ದೆಗೆ ಹೋಗಿಬಿಡಬಹುದು. ಮತ್ತೆ ಬರಲು ಆರು ತಿಂಗಳು, ಕೆಲವೊಮ್ಮೆ ವರ್ಷ ದಾಟುತ್ತದೆ. ಬಂದದ್ದು ಮೊದಲಿನ ಬಣ್ಣ, ಮೊದಲಿನ ದಟ್ಟಣೆ ಇರುತ್ತದೆಂಬ ಖಾತ್ರಿ ಇಲ್ಲ. ಫ್ಯಾನಿನ ಕೆಳಗೆ ಒದ್ದೆ ಗೋಣಿಚೀಲ ಹಾಸಿ ಕೊಡಿ, ಬೋಳಿಸಬೇಡಿ.

ಬೋಳಿಸದೆಯೂ ಹೀಗಾದರೆ, ತಲೆ ಮತ್ತು ಮುಂಗಾಲು ಬಿಟ್ಟು ಉಳಿದೆಡೆ ಎರಡೂ ಬದಿ ಸಮನಾಗಿ ಕೂದಲು ಹೋಗಿ, ನಾಯಿ ಗೆಲುವಾಗೇ ಇದ್ದರೆ, ಅದನ್ನು ಅಲೊಪೇಶಿಯ ಎಕ್ಸ್ ಅನ್ನುತ್ತೇವೆ. ಎಕ್ಸ್ ಅಂತ ಹೆಸರಿಟ್ಟದ್ದೇ ಕಾರಣ ಸರಿಯಾಗಿ ತಿಳಿಯದೆ. ಗಂಡು ನಾಯಿಯಾದರೆ ಬೀಜ ಒಡೆಸಿದ ಮೇಲೆ ಕೆಲವಕ್ಕೆ ಕೂದಲು ಬರುತ್ತದೆ. ಮೆಲಟೋನಿನ್ ಇಲ್ಲೂ ಉಂಟು. ಏನು ಮಾಡಿದರೂ ಬಾರದೆ ಇದ್ದರೆ ಅದು ಚಂದದ ಪ್ರಶ್ನೆ, ಆರೋಗ್ಯದ್ದಲ್ಲ. ಚಳಿಗೆ ಒಂದು ಅಂಗಿ, ಬಿಸಿಲಿಗೆ ನೆರಳು, ಅಷ್ಟು ಸಾಕು. ಆದರೆ ಈ ಹೆಸರು ಇಡುವ ಮೊದಲು ಥೈರಾಯ್ಡ್ ಮತ್ತು ಕುಶಿಂಗ್ (ಮೈಯಲ್ಲಿ ಸ್ಟೀರಾಯ್ಡ್ ಹಾರ್ಮೋನು ಹೆಚ್ಚಾಗುವ ಕಾಯಿಲೆ) ಇಲ್ಲ ಅಂತ ನೋಡಿರಬೇಕು.

ಥೈರಾಯ್ಡ್, ಕುಶಿಂಗ್ ಅಂತ ಹೇಗೆ ಗೊತ್ತಾಗುತ್ತದೆ?

ನೀರಿನ ಬಟ್ಟಲು ಹೇಳುತ್ತದೆ. ಏಳೆಂಟು ವರ್ಷ ದಾಟಿದ ಡ್ಯಾಶ್‌ಹಂಡ್, ಪೂಡಲ್, ಸ್ಪಿಟ್ಜ್ ದಿನಕ್ಕೆ ಎರಡು ಸಲ ತುಂಬುತ್ತಿದ್ದ ಬಟ್ಟಲನ್ನು ಐದು ಸಲ ಖಾಲಿ ಮಾಡಿ, ರಾತ್ರಿ ಮನೆಯೊಳಗೆ ಉಚ್ಚೆ ಮಾಡಿ, ಹೊಟ್ಟೆ ಜೋತು, ಚರ್ಮ ಕಾಗದದಂತಾಗಿದ್ದರೆ ಕುಶಿಂಗ್ ಅನುಮಾನ. ಥೈರಾಯ್ಡ್ ಕಮ್ಮಿಯಾದ ನಾಯಿ ಹೆಚ್ಚು ತಿನ್ನದಿದ್ದರೂ ದಪ್ಪವಾಗುತ್ತದೆ, ಬಿಸಿಲು ಹುಡುಕಿ ಮಲಗುತ್ತದೆ, ಬಾಲ ಇಲಿಬಾಲದಂತಾಗುತ್ತದೆ. ಎರಡಕ್ಕೂ ರಕ್ತಪರೀಕ್ಷೆ ಇದೆ, ಎರಡಕ್ಕೂ ಔಷಧಿ ಇದೆ. ವರ್ಷಗಟ್ಟಲೆ ಸ್ಟೀರಾಯ್ಡ್ ಹನಿ, ಮಾತ್ರೆ ಹಾಕಿದ ನಾಯಿಗೂ ಕುಶಿಂಗ್‌ನ ಚಹರೆಯೇ ಬರುತ್ತದೆ.

ಶಿಟ್ಜು ತಲೆಯ ಮೇಲೆ ಒಂದು ಜಾಗ ಮಾತ್ರ ಬೋಳು.

ಜುಟ್ಟು ಕಟ್ಟುತ್ತೀರಾ? ಅದೇ ಜಾಗದಲ್ಲಿ ದಿನವೂ ಬಿಗಿಯಾಗಿ ಕಟ್ಟಿದರೆ ಬುಡ ಸೋತು ಕೂದಲು ಹೋಗುತ್ತದೆ, ಕೆಲವೊಮ್ಮೆ ಶಾಶ್ವತವಾಗಿ. ಇದಕ್ಕಿಂತ ಕೆಟ್ಟದ್ದನ್ನೂ ನೋಡಿದ್ದೇನೆ. ಕಿವಿ ತುದಿ ತಣ್ಣಗೆ, ಊದಿಕೊಂಡಿದೆ ಅಂತ ತಂದ ಶಿಟ್ಜು ಕಿವಿಯ ಕೂದಲನ್ನು ಬಿಡಿಸುತ್ತಾ ಹೋದಾಗ ನಡುವೆ ಒಂದು ಪುಟ್ಟ ಗುಲಾಬಿ ರಬ್ಬರ್ ಬ್ಯಾಂಡ್ ಸಿಕ್ಕಿತು. ಕೂದಲಿನ ಜೊತೆ ಕಿವಿಯ ಹಾಲೆಯನ್ನೂ ಸೇರಿಸಿ ಕಟ್ಟಿದ್ದರು. ಮೂರು ದಿನವಾಗಿತ್ತು. ಬ್ಯಾಂಡ್ ಕತ್ತರಿಸಿದೆ, ತುದಿಯ ಅರ್ಧ ಇಂಚು ಉಳಿಯಲಿಲ್ಲ. ಕಟ್ಟುವವರು ನೀವಾದರೂ ಪಾರ್ಲರಿನವರಾದರೂ, ಕಟ್ಟಿದ ಮೇಲೆ ಬಾಚಣಿಗೆಯ ಹಲ್ಲು ಬ್ಯಾಂಡಿಗೂ ಚರ್ಮಕ್ಕೂ ನಡುವೆ ಸಲೀಸಾಗಿ ಆಡುತ್ತದಾ ನೋಡಿ. ರಾತ್ರಿ ಬಿಚ್ಚಿ.

ಊಟದಿಂದ ಹೀಗಾಗಿರಬಹುದಾ? ಚಿಕನ್ ನಿಲ್ಲಿಸಬೇಕಾ?

ಎರಡು ಬೇರೆ ವಿಷಯ. ಬರೀ ಮೊಸರನ್ನ, ಹಾಲನ್ನ ತಿಂದು ಬೆಳೆದ ನಾಯಿಗೆ ಪ್ರೋಟೀನು, ಕೊಬ್ಬಿನಂಶ ಸಾಲದೆ ಕೂದಲು ಒರಟಾಗಿ, ತೆಳುವಾಗುತ್ತದೆ. ಅಲ್ಲಿ ಬೇಕಾದ್ದು ಮೊಟ್ಟೆ, ಮಾಂಸ ಅಥವಾ ಸಮತೋಲನದ ನಾಯಿ ಆಹಾರ.

ಆಹಾರದ ಅಲರ್ಜಿ ಇನ್ನೊಂದು. ಕಿವಿ, ಪಾದ, ಗುದದ ಸುತ್ತ ವರ್ಷವಿಡೀ ತುರಿಕೆ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಬೀಫ್, ಹಾಲಿನ ಪದಾರ್ಥ, ಚಿಕನ್, ಗೋಧಿ. ರಕ್ತಪರೀಕ್ಷೆಯಿಂದ ಇದನ್ನು ನಂಬಿಕೆಯಿಂದ ಹೇಳಲಾಗದು. ಈವರೆಗೆ ತಿನ್ನದ ಒಂದು ಮಾಂಸ, ಒಂದು ಕಾಳು ಅಥವಾ ಗೆಡ್ಡೆ, ಇಷ್ಟನ್ನೇ ಎಂಟು ವಾರ ಕೊಟ್ಟು ನೋಡಬೇಕು. ಚಿಕನ್ನೇ ತಿಂದು ಬೆಳೆದದ್ದಕ್ಕೆ ಮೀನು ಮತ್ತು ಗೆಣಸು, ಹೀಗೆ. ಕೇಳಲು ಸುಲಭ. ಐದನೇ ವಾರದಲ್ಲಿ ಅಜ್ಜಿ ಸಂಜೆ ಕಾಫಿಗೆ ಕೂತು "ಪಾಪ, ನೋಡ್ತಾ ಕೂತಿದೆ" ಅಂತ ಅರ್ಧ ಬಿಸ್ಕತ್ತು ಹಾಕುತ್ತಾರೆ. ಗೋಧಿ, ಹಾಲು ಎರಡೂ ಅದರಲ್ಲಿದೆ. ಲೆಕ್ಕ ಮತ್ತೆ ಒಂದರಿಂದ. ಅಜ್ಜಿಯನ್ನು ಒಪ್ಪಿಸಿ ಆಮೇಲೆ ಶುರುಮಾಡಿ.

ಕಿವಿ ತುಂಬಾ ಉಣ್ಣೆ. ಕಿತ್ತರೂ ಬರುತ್ತವೆ.

ಬೆಚ್ಚಗಿನ, ಕೂದಲು ಕಮ್ಮಿಯ ಜಾಗ ಅಂತ ಕಿವಿಯ ಒಳಮಡಿಕೆಯೇ ಅವಕ್ಕೆ ಛತ್ರ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಸೀಮೆಎಣ್ಣೆ ಹಾಕಿ ಕಾಯಬೇಡಿ. ಹೊಟ್ಟೆ ತುಂಬಿದ ಉಣ್ಣೆ ಉದುರಿ ಮೊಟ್ಟೆ ಇಡುವುದು ಗೋಡೆಯ ಬಿರುಕಿನಲ್ಲಿ, ಹಾಸಿಗೆಯ ಅಡಿಯಲ್ಲಿ. ನಾಯಿಗೆ ಮಾತ್ರ ಔಷಧಿ ಹಾಕಿದರೆ ಅರ್ಧ ಕೆಲಸ. ಕಿವಿಯ ಒಳಮೈಯಲ್ಲಿ, ಒಸಡಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳಿದ್ದು, ಒತ್ತಿದರೂ ಮಾಯವಾಗದಿದ್ದರೆ ಅದು ಚರ್ಮರೋಗವಲ್ಲ. ಉಣ್ಣೆ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದದ್ದಿರಬಹುದು. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.

ರೇಬಿಸ್ ಲಸಿಕೆ ಹಾಕಿದ ಜಾಗದಲ್ಲಿ ಕೂದಲು ಹೋಯಿತು. ಇನ್ನು ಹಾಕಿಸಬೇಕಾ?

ಪೂಡಲ್, ಮಾಲ್ಟೀಸ್, ಯಾರ್ಕಿಯಂಥ ಸಣ್ಣ ತಳಿಗಳಲ್ಲಿ ಲಸಿಕೆಯ ಒಂದೆರಡು ತಿಂಗಳ ಮೇಲೆ ಹೀಗೆ ನಾಣ್ಯದಗಲ ಬೋಳಾಗುವುದಿದೆ. ವಿರಳವಾಗಿ ಕಿವಿ ತುದಿಗೂ ಬರುತ್ತದೆ. ಡಾಕ್ಟರಿಗೆ ತಿಳಿಸಿ, ದಾಖಲೆಯಲ್ಲಿ ಬರೆಸಿ. ಲಸಿಕೆ ನಿಲ್ಲಿಸುವ ಮಾತು ನೀವಾಗಿ ತೀರ್ಮಾನಿಸಬೇಡಿ. ರೇಬಿಸ್ ಬಂದರೆ ನಾಯಿಗೂ ಉಳಿಗಾಲವಿಲ್ಲ, ಕಚ್ಚಿಸಿಕೊಂಡವರಿಗೂ.

ಕಿವಿ ಒಮ್ಮೆಗೇ ಬಲೂನಿನಂತೆ ಊದಿದೆ.

ಕೆರೆದು, ಕೊಡವಿ ಒಳಗಿನ ರಕ್ತನಾಳ ಒಡೆದು ರಕ್ತ ತುಂಬಿದೆ. ಸೂಜಿಯಿಂದ ಚುಚ್ಚಬೇಡಿ. ಬಿಟ್ಟರೆ ಕಿವಿ ಮುದುರಿ ಒಣಗಿದ ಹಪ್ಪಳದಂತಾಗುತ್ತದೆ. ರಕ್ತ ತೆಗೆಯುವುದರ ಜೊತೆಗೆ ಕೆರೆಯಲು ಕಾರಣವೇನೆಂದು ಹುಡುಕದಿದ್ದರೆ ಮತ್ತೆ ತುಂಬುತ್ತದೆ.

ಯಾವಾಗ ಅದೇ ದಿನ ಓಡಿ ಬರಬೇಕು?

ತಲೆ ಒಂದೇ ಕಡೆ ವಾಲಿ ಸುತ್ತು ಹೊಡೆಯುತ್ತಿದ್ದರೆ, ಕಣ್ಣಗುಡ್ಡೆ ಓಲಾಡುತ್ತಿದ್ದರೆ, ಗಾಯದಲ್ಲಿ ಹುಳು ಆಡುತ್ತಿದ್ದರೆ, ಮುಖ ಇದ್ದಕ್ಕಿದ್ದಂತೆ ಊದಿದರೆ, ಹುಲ್ಲಿನಲ್ಲಿ ಅಡ್ಡಾಡಿ ಬಂದ ಕೂಡಲೇ ಒಂದೇ ಕಿವಿ ಕೊಡವುತ್ತಾ ಅಳುತ್ತಿದ್ದರೆ. ಕೊನೆಯದರಲ್ಲಿ ಹುಲ್ಲಿನ ಮುಳ್ಳುಬೀಜ ಒಳಗೆ ಸೇರಿರುತ್ತದೆ, ಅದು ಮುಂದಕ್ಕೆ ಮಾತ್ರ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ.

ಕೂದಲು ಮತ್ತೆ ಬರಲು ಎಷ್ಟು ದಿನ?

ತುರಿಕೆ ಮೊದಲು ಹೋಗುತ್ತದೆ, ಒಂದೆರಡು ವಾರದಲ್ಲಿ. ಕೆಂಪು ಆಮೇಲೆ. ಕೂದಲು ಮೂರು ನಾಲ್ಕು ತಿಂಗಳು. ಕಪ್ಪಾದ ಚರ್ಮ ಬಿಳಿಚಲು ಇನ್ನೂ ನಿಧಾನ. ಔಷಧಿಯ ಶಾಂಪೂ ಆದರೆ ನೊರೆ ಹತ್ತು ನಿಮಿಷ ಮೈಮೇಲೆ ಇರಬೇಕು, ಗಡಿಯಾರ ನೋಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಸ್ನಾನದ ಮೇಲೆ ಕಿವಿಯ ಬುಡ ಪೂರ್ತಿ ಒಣಗಿಸದಿದ್ದರೆ ಶಾಂಪೂ ಮಾಡಿದ ಒಳ್ಳೆಯದೆಲ್ಲ ಹೋಯಿತು.

ಡಾಕ್ಟರ ಹತ್ತಿರ ಬರುವಾಗ ಏನು ತರಬೇಕು?

ಹಿಂದಿನ ಎರಡು ಮೂರು ದಿನ ಸ್ನಾನ ಮಾಡಿಸಬೇಡಿ, ಕಿವಿ ತೊಳೆಯಬೇಡಿ. "ಗಲೀಜಾಗಿತ್ತು, ಅದಕ್ಕೆ ಚೆನ್ನಾಗಿ ಕ್ಲೀನ್ ಮಾಡಿ ತಂದ್ವಿ" ಅನ್ನುತ್ತಾರೆ. ನಮಗೆ ಬೇಕಾದದ್ದೇ ಆ ಗಲೀಜು. ಈವರೆಗೆ ಹಚ್ಚಿದ, ಹನಿಸಿದ, ನುಂಗಿಸಿದ ಎಲ್ಲದರ ಟ್ಯೂಬು, ಬಾಟಲಿ, ಖಾಲಿ ಪೊಟ್ಟಣ ಒಂದು ಕವರಿನಲ್ಲಿ ಹಾಕಿ ತನ್ನಿ. ಪಕ್ಕದ ಮನೆಯವರು ಕೊಟ್ಟದ್ದೂ ಸೇರಿ, ಯಾರೂ ಬೈಯುವುದಿಲ್ಲ. ಒಂದು ಸಲಕ್ಕೆ ಪತ್ತೆಯಾಗದ ಚರ್ಮರೋಗಕ್ಕೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ ಹೋಗಬಹುದು, ಅಲ್ಲಿಗೂ ಅದೇ ಕವರು ತೆಗೆದುಕೊಂಡು ಹೋಗಿ. ಜೊತೆಗೆ ಒಂದು ಹಳೆಯ ಟವೆಲ್ ಇರಲಿ. ಪರೀಕ್ಷೆ ಮಾಡುವ ಸ್ಟೀಲ್ ಮೇಜು ತಣ್ಣಗಿರುತ್ತದೆ, ಡ್ಯಾಶ್‌ಹಂಡ್‌ಗಳು ಅದರ ಮೇಲೆ ಕಾಲೂರುವುದೇ ಇಲ್ಲ.